ಮಳವಳ್ಳಿ ಬಸ್ಸಿನಲ್ಲಿ ಗ್ರೀಸು ತೋರಿಸುವ ಫಕ್ರುದ್ದೀನ್

ಮದ್ದೂರಿನ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡ್ರೈವರ್ ಫಕ್ರುದ್ದೀನ್ ಆಗಲೇ ಮೊಣಕೈವರೆಗೆ ಮಸಿಯಾಗಿದ್ದಾರೆ. ಬಸ್ಸಿನ ಬೆನ್ನಿಗೆ ಕಟ್ಟಿರುವ ಕಬ್ಬಿಣದ ಒಲೆಗೆ ಒಂದು ಮೂಟೆ ಇದ್ದಿಲು ಸುರಿದು, ಎಣ್ಣೆಬಟ್ಟೆಗೆ ಕಡ್ಡಿ ಗೀರಿ ಒಳಗೆ ತುರುಕಿ, ಗಾಳಿ ಊದುವ ಚಕ್ರದ ಹಿಡಿಗೆ ಕೈ ಹಾಕಿದರೆಂದರೆ ಮುಂದಿನ ಅರ್ಧ ಗಂಟೆ ಅವರನ್ನು ಯಾರೂ ಮಾತನಾಡಿಸುವಂತಿಲ್ಲ. ಹೊಗೆ ಮೊದಲು ಹಳದಿಯಾಗಿ ಬರುತ್ತದೆ, ಆಮೇಲೆ ಬಿಳಿ, ಕೊನೆಗೆ ಬಣ್ಣವೇ ಇಲ್ಲದಂತಾಗುತ್ತದೆ. ಆಗ ಎಂಜಿನ್ನಿಗೆ ಒಪ್ಪಿಗೆಯಾಯಿತು ಎಂದರ್ಥ. ಯುದ್ಧ ಮುಗಿದು ಎರಡು ವರ್ಷವಾಗುತ್ತ ಬಂತು. ಪೆಟ್ರೋಲು ಮಾತ್ರ ಈ ಕಡೆಗೆ ಇನ್ನೂ ಧಾರಾಳವಾಗಿ ಮುಖ ತೋರಿಸಿಲ್ಲ, ಬಸ್ಸು ಓಡುವುದು ಇದ್ದಿಲಿನ ಹೊಗೆಯಿಂದಲೇ. "ಒಗೆ ಸರ್ಯಾಗಿ ಕುಡುಸ್ನಿಲ್ಲ ಅಂದ್ರೆ ಕೆಮ್ತಾ ಕೆಮ್ತಾ ಅರ್ಧ ದಾರೀಲೇ ಕೂತ್ಕತದೆ ಕಣ್ರೀ ಇದು. ಎಬ್ಬುಸೋರ್ಯಾರು?" ಎನ್ನುತ್ತಾರೆ ಫಕ್ರುದ್ದೀನ್, ಹಿಡಿ ಬಿಡದೆ.

ಮದ್ದೂರಿನಿಂದ ಮಳವಳ್ಳಿಗೆ ಹದಿನೇಳು ಮೈಲಿ ಚಿಲ್ಲರೆ. ದಿನಕ್ಕೆ ಎರಡು ಸಲ ಹೋಗಬೇಕು, ಎರಡು ಸಲ ಬರಬೇಕು. ಬಸ್ಸಿನಲ್ಲಿ ಇಪ್ಪತ್ತು ಜನ ಕೂರಬಹುದೆಂದು ಹಲಗೆಯ ಮೇಲೆ ಬರೆದಿದೆ. ಹತ್ತುವವರು ಮೂವತ್ತೈದು, ಸಂತೆಯ ದಿನ ಕೋಳಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಲವತ್ತು. ಏರು ಬಂದಾಗ ಗಂಡಸರೆಲ್ಲ ಇಳಿದು ತಳ್ಳುತ್ತಾರೆ, ತಳ್ಳಿ ಮತ್ತೆ ಓಡಿಬಂದು ಹತ್ತುತ್ತಾರೆ. ಬೇರೆ ಬಸ್ಸಿನಲ್ಲಾಗಿದ್ದರೆ ಈ ಪಾಡಿಗೆ ಡ್ರೈವರಿನ ಮೂರು ತಲೆಮಾರಿಗೂ ಬೈಗುಳ ಬೀಳುತ್ತಿತ್ತು. ಇಲ್ಲಿ ಓಡಿಬಂದು ಹತ್ತಿದವರು ಏದುಸಿರಿನಲ್ಲೇ ಕೇಳುವುದು ಒಂದೇ ಮಾತು: "ಆಮ್ಯಾಕೇನಾಯ್ತು, ಯೋಳಪ್ಪಾ."

ಆಮೇಲಿನದು ಗ್ರೀಸ್ ದೇಶದ ಸಂಗತಿ. ಸಂತೆಯ ದಿನ ಈ ಬಸ್ಸು ಹತ್ತಿದವರಿಗೆ ಮಳವಳ್ಳಿಯ ಟಿಕೆಟ್ಟಿನಲ್ಲೇ ಗ್ರೀಸಿನ ಹಳೆಯ ಗುಡಿಗಳೂ ಪಾಳುಬಿದ್ದ ಊರುಗಳೂ ನೋಡಸಿಗುತ್ತವೆ. ಫಕ್ರುದ್ದೀನ್ ರಸ್ತೆಯಿಂದ ಕಣ್ಣು ಕೀಳದೆ ಹೇಳುತ್ತ ಹೋಗುತ್ತಾರೆ. "ಈಗ ಎಡಕ್ಕೆ ನೋಡಿ. ಕಲ್ಲಿನ ಮೆಟ್ಲು. ಒಂದೊಂದೂ ಮೊಣಕಾಲುದ್ದ." ಎಡಕ್ಕೆ ಇರುವುದು ರಾಗಿಯ ಹೊಲ. ಆದರೂ ಬಸ್ಸಿನಲ್ಲಿದ್ದ ಅಷ್ಟೂ ಜನ ಎಡಕ್ಕೆ ಕತ್ತು ತಿರುಗಿಸುತ್ತಾರೆ. ಹಲಗೂರಿನ ಬೆಲ್ಲದ ವ್ಯಾಪಾರಿ ಪುಟ್ಟಮಾದಯ್ಯ ಒಬ್ಬರೇ ಇದಕ್ಕೆ ಸೊಪ್ಪು ಹಾಕದವರು. ಅವರು ಬಸರಾಳಿನ ಅಳಿಯ. ಆ ಊರಿನ ಗುಡಿಯ ಮೇಲೆ ಯಾರೂ ಕೊಡದ ಹಕ್ಕೊಂದು ಅವರಿಗಿದೆ. "ಬರೀ ಕಂಬ ನಿಲ್ಸವ್ರೆ ಅನ್ನು. ನಮ್ ಬಸ್ರಾಳು ಗುಡೀಲಿ ಬೊಂಬೆ ಕೆತ್ದೆ ಬುಟ್ಟಿರೋ ಒಂದು ಗೇಣು ಜಾಗ ತೋರ್ಸು ನೋಡಾನ," ಎಂದು ಸವಾಲು ಹಾಕುತ್ತಾರೆ. ಜನ ನಗುತ್ತಾರೆ. ಡ್ರೈವರಿನ ಹಿಂದಿನ ಸೀಟಿನಲ್ಲಿ ಬೆಣ್ಣೆಯ ಕುಕ್ಕೆ ಇಟ್ಟುಕೊಂಡು ಕೂತ ಮುದುಕಿ ಮಾತ್ರ ನಗುವುದಿಲ್ಲ. ಈ ಪ್ರವಾಸವೆಲ್ಲ ನಡೆಯುವುದು ಅವರೊಬ್ಬರಿಗಾಗಿ.

ಅವರು ಚಿಕ್ಕರಸಿನಕೆರೆಯ ಹೊಂಬಾಳಮ್ಮ. ಅವರ ಒಬ್ಬನೇ ಮಗ ಅಂಕಯ್ಯ ಸೈನ್ಯಕ್ಕೆ ಸೇರಿ, ಮುರಿದ ಸೇತುವೆ ರಿಪೇರಿ ಮಾಡುವ ದಳದಲ್ಲಿದ್ದು, ಗ್ರೀಸಿನಲ್ಲಿ ತೀರಿಕೊಂಡ. ಕಾಯಿಲೆಯಿಂದ ಸತ್ತನೆಂದು ಸರ್ಕಾರದ ಕಾಗದ ಬಂತು. ಅದೇ ದಳಕ್ಕೆ ಲಾರಿ ಓಡಿಸುತ್ತಿದ್ದವರು ಮದ್ದೂರಿಗೆ ವಾಪಸಾಗಿ ಬಸ್ಸಿಗೆ ಸೇರಿದ್ದಾರೆಂದು ಕಳೆದ ವರ್ಷ ಯಾರೋ ಹೇಳಿದರು. ಮರುದಿನವೇ ಹೊಂಬಾಳಮ್ಮ ಆ ಕಾಗದ ಹಿಡಿದು ತಮ್ಮೂರ ಕೈಮರದ ಬಳಿ ನಿಂತಿದ್ದರು. ಬಸ್ಸು ಹತ್ತಿ ಕೇಳಿದ್ದು ಇಷ್ಟೇ: "ನನ್ ಮಗ ಅಲ್ಲಿ ಏನೇನ್ ನೋಡ್ದ, ಎಲ್ಲಾ ಯೋಳು. ಒಂದೂ ಬುಡ್ಬ್ಯಾಡ."

ಫಕ್ರುದ್ದೀನ್ ಒಂದನ್ನು ಬಿಟ್ಟರು. ಒಂದು ವರ್ಷ ಪೂರ್ತಿ ಬಿಟ್ಟೇ ಹೇಳಿದರು.

ಅವರ ತಂದೆ ಮದ್ದೂರಿನಲ್ಲಿ ಜಟಕಾ ಓಡಿಸುತ್ತಿದ್ದವರು. ರೈಲಿಳಿದ ಯಾತ್ರಿಕರನ್ನು ಗುಡಿಗೆ ಕರೆದೊಯ್ಯುವುದು, ಅವರು ಪೂಜೆ ಮುಗಿಸಿ ಬರುವವರೆಗೆ ಗಾಡಿಯ ಪಕ್ಕದಲ್ಲಿ ಅವರ ಚಪ್ಪಲಿ ಕಾಯುವುದು. ಫಕ್ರುದ್ದೀನ್ ಕೂಡ ನಾಲ್ಕನೇ ಕ್ಲಾಸು ಮುಗಿಸಿದ ಮೇಲೆ ಆ ಕೆಲಸ ಮಾಡಿದವರೇ. "ಗುಡಿ ಒಳೀಕೆ ನಾವು ಓಗೋರಲ್ಲ. ಆದ್ರೆ ಎಕ್ಡ ಆಕ್ಕಂಡು ಯಾರಾರ ಮೆಟ್ಲು ಅತ್ತುದ್ರೆ ನಮ್ಮಪ್ಪ ಅಟ್ಟಾಡುಸ್ಕಂಡು ಓಯ್ತಿದ್ದ. ದೇವ್ರು ಯಾರ್ದಾದ್ರೇನು, ಮರ್ವಾದಿ ಮರ್ವಾದೀನೇ ಅಂತಿದ್ದ." ಆಮೇಲೆ ಮಂಡ್ಯದ ಒಂದು ಶೆಡ್ಡಿನಲ್ಲಿ ಎಂಜಿನ್ ಕೆಲಸ ಕಲಿತರು, ನಲವತ್ತೊಂದನೇ ಇಸವಿಯಲ್ಲಿ ಸೈನ್ಯದ ಡ್ರೈವರಾದರು. ಈಜಿಪ್ಟಿನ ಮರಳು, ಇಟಲಿಯ ಕೆಸರು ಎಲ್ಲ ದಾಟಿ ನಲವತ್ತನಾಲ್ಕರ ಕೊನೆಗೆ ಗ್ರೀಸು ಮುಟ್ಟಿದರು.

ಅಥೆನ್ಸ್ ಪಟ್ಟಣ ಹಸಿದು ಸುಣ್ಣವಾಗಿತ್ತು. ಗುಂಡಿನ ಸದ್ದು ಅಡಗಿದ ಮೇಲೆ, ಬಿಡುವಿದ್ದ ಸಿಪಾಯಿಗಳಿಗೆ ಹಳೆಯ ಸ್ಥಳಗಳನ್ನು ತೋರಿಸುವ ಏರ್ಪಾಡಾಯಿತು. ವಾರಕ್ಕೊಂದು ಲಾರಿ, ಇಪ್ಪತ್ತೆರಡು ಜನ, ಹೆಚ್ಚಿನವರು ಮೈಸೂರು ಸೀಮೆಯವರು. ವಿವರಿಸಲು ಸ್ತಾವ್ರೋ ಎಂಬ ವಯಸ್ಸಾದ ಸ್ಕೂಲ್ ಮೇಷ್ಟ್ರು. ಬರಗಾಲದ ಚಳಿಗಾಲದಲ್ಲಿ ಹೆಂಡತಿಯನ್ನು ಹಸಿವಿಗೇ ಕಳೆದುಕೊಂಡವರು. ದಿನದ ಕೂಲಿಯಾಗಿ ಒಂದು ಬ್ರೆಡ್ಡು, ಒಂದು ಡಬ್ಬಿ ಮಾಂಸ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಫಕ್ರುದ್ದೀನ್, ಸೈನ್ಯದಲ್ಲಿ ಕಲಿತ ಇಂಗ್ಲಿಷಿನ ಬಲದ ಮೇಲೆ, ತಮಗೆ ತಿಳಿದಷ್ಟು ಕನ್ನಡಕ್ಕೆ ಇಳಿಸುತ್ತಿದ್ದರು. ತಿಳಿಯದ ಕಡೆ ಮದ್ದೂರಿನ ಜಟಕಾದವರ ಹಾಗೆ ಒಂದಿಷ್ಟು ಸೇರಿಸುತ್ತಿದ್ದರು ಎಂಬುದನ್ನೂ ಅವರೇ ಒಪ್ಪಿಕೊಳ್ಳುತ್ತಾರೆ.

ಎಲ್ಲರಿಗಿಂತ ಮುಂದೆ ನಿಂತು ಬಾಯಿಬಿಟ್ಟು ಕೇಳುತ್ತಿದ್ದವನು ಅಂಕಯ್ಯ. ಮೊದಲ ವಾರ ಅಕ್ರೊಪೊಲಿಸ್ ಗುಡ್ಡ. ಎರಡನೆಯ ವಾರ ಎಪಿಡೌರಸ್ ಎಂಬಲ್ಲಿ ಬೆಟ್ಟದ ಮಗ್ಗುಲಿಗೆ ಕಡೆದ ದೊಡ್ಡ ನಾಟಕದ ಬಯಲು. ನಡುವೆ ನಿಂತು ಕಡ್ಡಿ ಗೀರಿದರೆ ಮೇಲಿನ ಐವತ್ತನೇ ಸಾಲು ಮೆಟ್ಟಿಲಿಗೂ ಕೇಳುತ್ತದಂತೆ. ಯಾರಾದರೂ ಮಾತಾಡಿ ನೋಡಿ ಎಂದರು ಮೇಷ್ಟ್ರು. ಅಂಕಯ್ಯ ನಡುಬಯಲಿಗೆ ಹೋಗಿ ನಿಂತ, ಏನು ಮಾತಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ, ಕೊನೆಗೆ ತನ್ನ ಮನೆಯ ಎತ್ತುಗಳನ್ನು ಹೆಸರು ಹಿಡಿದು ಕರೆದ. ಮೇಲೆ ಕೂತಿದ್ದವರಿಗೆಲ್ಲ ಪಕ್ಕದಲ್ಲೇ ನಿಂತು ಕರೆದಂತೆ ಕೇಳಿಸಿತು. ಇದನ್ನು ಹೊಂಬಾಳಮ್ಮ ಬಸ್ಸಿನಲ್ಲಿ ಎಷ್ಟು ಸಲ ಹೇಳಿಸಿಕೊಂಡಿದ್ದಾರೋ ಲೆಕ್ಕವಿಲ್ಲ. "ಅದ್ರಲ್ಲಿ ಕೆಂದ ಇನ್ನೂ ಅವ್ನೆ ಕಣಪ್ಪ ಕೊಟ್ಗೇಲಿ," ಎಂದು ಪ್ರತಿ ಸಲವೂ ಹೇಳುತ್ತಾರೆ.

ಮೂರನೆಯ ವಾರ ಕೊರಿಂತ್. ಅಲ್ಲಿ ಪಾಳುಬಿದ್ದ ಗುಡಿಯೊಂದರ ಏಳೇ ಏಳು ಕಂಬ ನಿಂತಿವೆ. ಮೇಷ್ಟ್ರು, ಇದು ಅಪೋಲೋ ಎಂಬ ದೇವರ ಗುಡಿ ಎಂದರು. ದೇವರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜಟಕಾದವರ ಮಗನ ಬಾಯಿಂದ ತಾನಾಗಿ ಬಂತು: "ಬೂಟು ಬುಡ್ರಲಾ ಎಲ್ರೂವೆ. ಗುಡಿ ಕಣ್ರಲಾ." ಮೇಷ್ಟ್ರು ಗಾಬರಿಯಾದರು. ಇಲ್ಲಿ ದೇವರಿಲ್ಲ, ಸಾವಿರದ ಐನೂರು ವರ್ಷದಿಂದ ಪೂಜೆಯೇ ಇಲ್ಲ, ಬೇಡ ಎಂದು ಕೈಯಾಡಿಸಿದರು. ಅಷ್ಟರಲ್ಲಿ ಇಪ್ಪತ್ತೆರಡು ಜೊತೆ ಬೂಟು ಸಾಲಾಗಿ ನಿಂತಿದ್ದವು. ಫಕ್ರುದ್ದೀನ್ ಅಪ್ಪನ ಹಾಗೆಯೇ ಪಕ್ಕದಲ್ಲಿ ಕಾಯಲು ಕೂತಿದ್ದರು.

ಒಳಗೆ ಹುಲ್ಲಿನಡಿ ಯುದ್ಧಕಾಲದ ತುಕ್ಕುಹಿಡಿದ ಮುಳ್ಳುತಂತಿ ಬಿದ್ದಿತ್ತು. ಅಂಕಯ್ಯ ಅದನ್ನು ತುಳಿದ. ಕುಂಟುತ್ತ ಬಂದವನ ಅಂಗಾಲಿನಲ್ಲಿ ರಕ್ತ ಕಂಡು ಫಕ್ರುದ್ದೀನ್ ಏಳುವಷ್ಟರಲ್ಲಿ ಅವನು ಕೈ ಹಿಡಿದುಕೊಂಡ. ಮುಂದಿನ ವಾರ ಡೆಲ್ಫಿ. ದೊಡ್ಡ ಬೆಟ್ಟದ ಮೇಲೆ, ಹಿಂದಿನ ಕಾಲದ ರಾಜರೆಲ್ಲ ಕಣಿ ಕೇಳಲು ಬರುತ್ತಿದ್ದ ಜಾಗವೆಂದು ಮೇಷ್ಟ್ರು ವಾರದಿಂದ ಆಸೆ ಹತ್ತಿಸಿದ್ದರು. ಗಾಯ ಎಂದರೆ ಆಸ್ಪತ್ರೆಗೆ ಹಾಕುತ್ತಾರೆ, ಡೆಲ್ಫಿ ತಪ್ಪುತ್ತದೆ. "ಅಣ್ಣಾ, ದಮ್ಮಯ್ಯ, ಯಾರ್ಗೂ ಯೋಳ್ಬ್ಯಾಡ ಅಂದ. ಯೋಳ್ನಿಲ್ಲ. ನನ್ ಕೈಯಾರೆ ಬೂಟಿನ ದಾರ ಕಟ್ದೆ."

ನಾಲ್ಕನೇ ದಿನಕ್ಕೆ ಕಾಲು ತೊಡೆಯವರೆಗೆ ಊದಿತು. ಆಸ್ಪತ್ರೆಗೆ ಸೇರಿಸುವಾಗ ನಂಜು ಮೈಗೆಲ್ಲ ಏರಿತ್ತು. ಡೆಲ್ಫಿಯ ದಿನ ಫಕ್ರುದ್ದೀನ್ ಲಾರಿ ಓಡಿಸಲೇಬೇಕಾಯಿತು, ಹುಕುಂ ಹುಕುಂ ತಾನೆ. ಎಲ್ಲರನ್ನೂ ಇಳಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತವರು ಇಳಿಯಲಿಲ್ಲ. ಸಂಜೆ ಹಿಂದಿರುಗಿದಾಗ ಆಸ್ಪತ್ರೆಯಲ್ಲಿ ಅಂಕಯ್ಯನ ಮಂಚದ ಮೇಲೆ ಬೇರೆ ಹೊದಿಕೆ ಹಾಸಿತ್ತು.

ಹೊಂಬಾಳಮ್ಮನಿಗೆ ಬಿಟ್ಟು ಹೇಳಿದ್ದು ಇದನ್ನೇ. ಅವರು ಪ್ರತಿ ಸಂತೆಗೂ ಕೇಳುತ್ತಿದ್ದರು: "ಜ್ವರ ಅಂತ ಒಂದಿನ ಮಲಗ್ದೋನಲ್ಲ ನನ್ ಮಗ. ಅದೇನ್ ಕಾಯ್ಲೆ ಬಂತಪ್ಪ ಅವ್ನಿಗೆ?" ಫಕ್ರುದ್ದೀನ್ ಆ ಮಾತು ಬಂದಾಗಲೆಲ್ಲ "ಬಲಕ್ಕೆ ನೋಡಿ, ಇನ್ನೊಂದು ಕಂಬ," ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಸುಲ್ತಾನ್ ಬೀ ಜಗಳಕ್ಕೇ ನಿಂತಿದ್ದರು. "ಊಟಕ್ ಕೂತ್ರೆ ಎರಡ್ ತುತ್ತಿಗೇ ಏಳ್ತಾರೆ. ಆಯಮ್ಮಂಗೆ ಯೋಳ್ಬುಡಿ, ಇಲ್ಲಾ ಆ ಬಸ್ಸೇ ಬುಟ್ಬುಡಿ ಅಂದೆ," ಎನ್ನುತ್ತಾರೆ ಅವರು.

ಪತ್ರಿಕೆಗೆ ಬರೆಯುತ್ತೇವೆ ಎಂದಾಗ ಫಕ್ರುದ್ದೀನ್ ಎಲ್ಲವನ್ನೂ ಹೇಳಿದರು, ಒಂದೇ ಕರಾರು ಹಾಕಿದರು. "ಬರ್ಕಳಿ. ಆದ್ರೆ ನಾನು ಆಯಮ್ಮಂಗೆ ಯೋಳೋಗಂಟ ಅಚ್ಚಾಕ್ಬ್ಯಾಡಿ. ಯಾರೋ ಪೇಪರ್ ಓದಿ ಆಯಮ್ಮಂಗೆ ಯೋಳದು ಬ್ಯಾಡ." ಹಾಗಾಗಿ ಈ ಲೇಖನ ಮೂರು ಸಂತೆ ಕಾಯಿತು.

ಮೊದಲ ಸಂತೆಯ ದಿನ ಮಳವಳ್ಳಿಯಲ್ಲಿ ಜನವೆಲ್ಲ ಇಳಿದ ಮೇಲೆ ಅವರು ಹೊಂಬಾಳಮ್ಮನನ್ನು ನಿಲ್ಲಿಸಿ ಹೇಳಿದರು. ಬೂಟು ಬಿಡಿಸಿದ್ದನ್ನು ಹೇಳಿದರು, ಡೆಲ್ಫಿಯ ಆಸೆಗೆ ಅವನು ಬೇಡಿಕೊಂಡದ್ದನ್ನು, ಗಾಯ ಕಂಡೂ ತಾವು ದಾರ ಕಟ್ಟಿದ್ದನ್ನು ಹೇಳಿದರು. ಮುದುಕಿ ಕೊನೆಯವರೆಗೂ ಕೇಳಿಸಿಕೊಂಡು, ಕುಕ್ಕೆಯನ್ನು ತಲೆಗೇರಿಸಿ ಸಂತೆಯ ಕಡೆ ನಡೆದುಬಿಟ್ಟರು. ಸಂಜೆ ಬಸ್ಸಿಗೆ ಬರಲಿಲ್ಲ. ಫಕ್ರುದ್ದೀನ್ ಕಾಲು ಗಂಟೆ ಹೆಚ್ಚಿಗೆ ಕಾದು, ಜನರ ಕೈಲಿ ಬೈಸಿಕೊಂಡು ಹೊರಟರು. ಹೊಂಬಾಳಮ್ಮ ಅಷ್ಟೂ ದೂರ ನಡೆದೇ ಊರು ಸೇರಿದರೆಂದು ಮರುದಿನ ತಿಳಿಯಿತು. ಎರಡನೆಯ ಸಂತೆಗೆ ಕೈಮರದ ಬಳಿ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಯಾರೂ ಕತೆ ಕೇಳಲಿಲ್ಲ. ಪುಟ್ಟಮಾದಯ್ಯನವರು ಕೂಡ ಬಸರಾಳಿನ ಸುದ್ದಿ ಎತ್ತಲಿಲ್ಲ.

ಮೂರನೆಯ ಸಂತೆಯ ದಿನ ಅವರು ನಿಂತಿದ್ದರು. ಹತ್ತಿ, ಎಂದಿನ ಜಾಗದಲ್ಲೇ ಕೂತರು. ಒಂದು ಮೈಲಿ ದಾಟಿದ ಮೇಲೆ ಫಕ್ರುದ್ದೀನರ ಬೆನ್ನಿಗೆ ಹೇಳಿದರು: "ಬೂಟಿನ್ ಮಾತು ಬುಡು. ನಾನಿದ್ದಿದ್ರೂ ಬಿಚ್ಲಾ ಅಂತ್ಲೇ ಅಂತಿದ್ದೆ. ಗುಡಿ ಮುಂದೆ ಯಾರು ಎಕ್ಡ ಆಕತಾರೆ? ಆದ್ರೆ ಗಾಯ ಕಂಡೂ ಸುಮ್ಕಿದ್ದೆಯಲ್ಲಪ್ಪ, ಅದುನ್ನ ನಂಗೆ ನುಂಗಕಾಗಾಕಿಲ್ಲ."

"ಊಂ ಕಣವ್ವ," ಎಂದರು ಫಕ್ರುದ್ದೀನ್.

ಇನ್ನಷ್ಟು ದೂರ ಹೋದ ಮೇಲೆ ಮುದುಕಿ ಮತ್ತೆ ಕೇಳಿದರು. "ಕಾಲು ಕೊಳೀತಿದ್ರೂ ನೋಡ್ಲೇಬೇಕು ಅಂತಿದ್ನಲ್ಲ, ಅದ್ಯಾವ್ದೋ ಬೆಟ್ಟ. ಅಲ್ಲೇನಿತ್ತು? ಅದುನ್ನ ಯೋಳು."

"ನಾ ಲಾರಿಯಿಂದ ಇಳೀನಿಲ್ಲ ಕಣವ್ವ. ನಾನೂ ನೋಡ್ನಿಲ್ಲ."

"ಅಂಗಾರೆ ನಮ್ ಮೂವರ್ಗೂ ಗೊತ್ತಿಲ್ಲ ಅನ್ನು," ಎಂದು ಹೊಂಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಫಕ್ರುದ್ದೀನರಿಗೆ ಈಗ ಮೂವತ್ನಾಲ್ಕು. ಹೊಸ ಬಸ್ಸು ಬರಲಿ ಎಂದಾಗಲಿ, ಪೆಟ್ರೋಲು ಸಿಗಲಿ ಎಂದಾಗಲಿ ಅವರು ಕೇಳುವುದಿಲ್ಲ. ಏನಾದರೂ ಆಸೆಯಿದೆಯೇ ಎಂದರೆ ಕೈಯ ಮಸಿಯನ್ನು ಚಿಂದಿಗೆ ಒರೆಸುತ್ತ ಒಂದೇ ಒಂದನ್ನು ಹೇಳುತ್ತಾರೆ. "ಅವತ್ತು ಡೆಲ್ಫೀಲಿ ನನ್ ಲಾರಿಯಿಂದ ಇಪ್ಪತ್ತೊಂದು ಜನ ಇಳುದ್ರು. ಕೋಲಾರ್ದೋರು, ಆಸನ್ದೋರು, ತುಮ್ಕೂರ್ನೋರು. ಯಾರ್ ಎಲ್ಲವ್ರೋ ಗೊತ್ತಿಲ್ಲ. ಅವರ್ನಾಗೆ ಯಾರಾರ ನಿಮ್ ಪೇಪರ್ ಓದ್ತಾ ಇರ್ಬೈದು. ಆ ಬೆಟ್ಟದ್ ಮ್ಯಾಲೆ ಏನ್ ಕಂಡ್ರಿ, ಒಂದ್ ಕಾಗ್ದ ಬರೀರಿ ಅಂತ ಆಕಿ. ಫಕ್ರುದ್ದೀನು, ಡ್ರೈವರು, ಮದ್ದೂರು ಬಸ್‌ಸ್ಟಾಂಡು ಅಂದ್ರೆ ಸಾಕು, ಬತ್ತದೆ. ಆಯಮ್ಮನ್ನ ಅಲ್ಲೀಗಂಟ ಕರ್ಕೊಂಡೋಗ್ಬೇಕು ಸ್ವಾಮಿ ನಾನು."