ಮುದುಕನ ಗಾಡಿಯ ಬಗ್ಗಿದ ಪೈಪು

ನಮ್ಮ ಮುದುಕ, ಅಂದರ ನನ್ನ ಗಂಡ, ತಲಿಯೊಳಗ ರಕ್ತ ಹೆಪ್ಪುಗಟ್ಟಿ ಸತ್ತ. ಕೇಳಿದವರಿಗೆಲ್ಲ ನಾವು ಬಿಪಿ ಅಂತ ಹೇಳಿದಿವಿ. ಬಿಪಿ ಅಂದರ ಯಾರೂ ಮುಂದ ಕೇಳಂಗಿಲ್ಲ, ಅವರ ಮನ್ಯಾಗೂ ಒಬ್ಬರಿಗೆ ಅದು ಇರತದ. ಆದರ ಅದು ಬಿಪಿ ಅಲ್ಲ. ನಾ ಒಂದು ಮಾತು ತಪ್ಪು ಹೇಳಿದ್ದೆ. ಅದನ್ನ ಇಲ್ಲಿ ಬರದು ಇಡತೀನಿ.

ಆ ಮಾತು ಹಿಂಗ. ಮುದುಕಗ ಮೂರ್ನಾಕು ದಿನದಿಂದ ತಲಿನೋವು. ಗುಳಿಗಿ ನುಂಗಿದರೂ ಹೋಗಲಿಲ್ಲ. ಊಟದ ಗಂಗಾಳ ಮುಂದಿಟ್ಟರ ಓಕರಿಕಿ. ಮಾನ್ವಿಯೊಳಗ ಡಾಕ್ಟರ ಹತ್ರ ನಾನೇ ಕರಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಬ್ಯಾಟ್ರಿ ಬಿಟ್ಟು ನೋಡಿ, "ಅಜ್ಜಾ, ಎಲ್ಲೆರ ಬಿದ್ದಿದ್ದೇನು? ತಲಿಗೆ ಪೆಟ್ಟು ಬಿದ್ದಿತ್ತೇನು?" ಅಂತ ಕೇಳಿದರು. ಮುದುಕ ಬಾಯಿ ತೆರಿಯೂದಕ್ಕಿಂತ ಮದಲೇ ನಾ ಹೇಳಿದೆ, "ಇಲ್ರಿ. ಇವ ಬಿದ್ದಿಲ್ಲ. ಬಿದ್ದಿದ್ದರ ನನಗ ಗೊತ್ತಾಗತಿತ್ತು." ಮುದುಕ ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿಕೋತ ಕುಂತ. ಡಾಕ್ಟರು ಬಿಪಿ ನೋಡಿದರು, ಜಾಸ್ತಿ ಇತ್ತು, ಗುಳಿಗಿ ಬರಕೊಟ್ಟರು.

ಐದು ದಿನದ ಮ್ಯಾಲ ಮುಂಜಾನಿ ಎಬ್ಬಿಸಿದರ ಏಳಲಿಲ್ಲ. ರಾಯಚೂರಿಗೆ ಒಯ್ದಿವಿ. ಅಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಇದು ಹಳೇ ರಕ್ತ ಅದ, ಹದಿನೈದು ದಿನದ ಮ್ಯಾಗಿಂದು. ಎಲ್ಲೋ ಬಿದ್ದಾರ. ಮದಲೇ ಬಂದಿದ್ದರ ತಗೀಬಹುದಿತ್ತು" ಅಂದಳು. ನಾ ಅಲ್ಲೂ ಜಗಳಕ್ಕ ನಿಂತೆ. "ಬಿದ್ದಿಲ್ಲ ನಮ್ಮವ್ವಾ. ನನ್ನ ಗಂಡ. ನನಗ ಗೊತ್ತಿಲ್ಲೇನು?" ಮರುದಿನ ಮಧ್ಯಾನದಾಗ ಜೀವ ಹೋತು.

ನಾ ಅಷ್ಟು ಗಟ್ಟಿಯಾಗಿ ಹೇಳಾಕ ಕಾರಣ ಆಣಿ.

ಮುದುಕ ಕುರಿ ದಲಾಲಿ ಮಾಡತಿದ್ದ. ನಾವು ಮೂಲ ಕುರ್ಡಿಯವರು, ಹಾಲುಮತದವರು. ಹಿಂಡು ಮಾರಿ ಮಾನ್ವಿಗೆ ಬಂದು ಮನಿ ಮಾಡಿದ ಮ್ಯಾಲೂ ಅವಗ ಕುರಿ ಬಿಟ್ಟು ಬ್ಯಾರೆ ಏನೂ ಗೊತ್ತಿದ್ದಿಲ್ಲ. ಗಾಡಿ ಹತ್ತಿ ಹಳ್ಳಿ ಹಳ್ಳಿ ತಿರುಗಿ, ಬೆನ್ನು ಮುಟ್ಟಿ ತೂಕ ಹೇಳಿ, ದೇವದುರ್ಗದ ಸಂತಿಯೊಳಗ ರುಮಾಲಿನ ಕೆಳಗ ಬೆರಳು ಹಿಡದು ವ್ಯಾಪಾರ ಕುದುರಸ್ತಿದ್ದ. ಗಾಡಿ ಅಂದರ ಮೋಟರ್ ಸೈಕಲ್. ಟ್ಯಾಂಕಿನ ಮ್ಯಾಲ ಮರಿ ಕುಂಡ್ರಿಸಿಕೊಂಡು ಬಂದರ ಮನಿಯೆಲ್ಲ ಹಿಕ್ಕಿ. ನಾ ಬೈಯೂದು, ಅವ ನಗೂದು.

ಅವಗ ಅರವತ್ತೈದು ದಾಟಿದ ಮ್ಯಾಲ ಒಮ್ಮೆ ಗಾಡಿ ಮ್ಯಾಲಿಂದ ಬಿದ್ದು ಮುಂಗೈ ಮುರಕೊಂಡ. ಪಟ್ಟಿ ಬಿಚ್ಚಿದ ದಿನ ನಾ ಅವನ್ನ ನೀರಮಾನ್ವಿ ಯಲ್ಲಮ್ಮನ ಗುಡಿಗೆ ಕರಕೊಂಡು ಹೋದೆ. ನಮ್ಮಲ್ಲಿ ಗಂಡಸು ಮಾತು ಕೇಳಲಿಲ್ಲಂದರ ಹಿಂಗ ಮಾಡತೀವಿ. ದೇವಿ ಮುಂದ ಅವನ ಕೈ ನನ್ನ ನೆತ್ತಿ ಮ್ಯಾಲ ಇಡಿಸಿದೆ. "ಇನ್ನೊಮ್ಮೆ ಬಿದ್ದರ ಗಾಡಿ ಮುಟ್ಟಂಗಿಲ್ಲ. ಬಿದ್ದ ಮ್ಯಾಲ ಮುಟ್ಟಿದರ ನಿನ್ನ ಹೆಣಾ ನೋಡತೀನಿ ಅನ್ನು" ಅಂದೆ. ಅವ ಅತ್ತಿತ್ತ ನೋಡಿದ. "ಮಂದಿ ನೋಡಾಕತ್ಯಾರ, ಬಿಡಬೇ" ಅಂದ. "ನೋಡಲಿ. ಅನ್ನು" ಅಂದೆ. ಅವ ಹಂಗೇ ಅಂದ.

ಆಣಿ ಹಾಕಿದ ಮ್ಯಾಲ ನಾ ನಿಶ್ಚಿಂತಿ ಇದ್ದೆ. ದಿನಾ ಸಂಜಿಗೆ ಬಂದ ಮ್ಯಾಲ "ಬಿದ್ದಿಲ್ಲಲ?" ಅಂತಿದ್ದೆ. "ಇಲ್ಲ" ಅಂತಿದ್ದ. ನೀರು ಕೊಡತಿದ್ದೆ.

ಮುದುಕನ ದಿವಸ ಮುಗದ ಮ್ಯಾಲ ಮಗ ಅಪ್ಪನ ಗಾಡಿ ಹಿಡಿದ. ಅವ ಹತ್ತಿ ಮಿಲ್ಲಿಗೆ ಹೋಗತಾನ, ಸೀಸನ್ ಮುಗದರ ಅಲ್ಲಿ ಕೆಲಸ ಇಲ್ಲ. ಆವಾಗ ದಲಾಲಿ ಮಾಡತೀನಿ ಅಂದ. ಒಂದಿನ ಮುಂಜಾನಿ ಗಾಡಿ ಒರಸೂವಾಗ ಕರದ, "ಯವ್ವಾ, ಇಲ್ಲಿ ನೋಡು, ಮುಂದಿನ ಫೋರ್ಕಿನಾಗಿಂದ ಎಣ್ಣಿ ಸೋರಾಕತ್ತದ."

ಮುಂದಿನ ಗಾಲಿ ಹಿಡಕೊಂಡು ಎರಡು ಕಾಲು ಇರತಾವಲ್ಲ, ಅವಕ್ಕ ಫೋರ್ಕ್ ಅಂತಾರ. ಒಳಗ ಎಣ್ಣಿ, ಹೊಳಿಯೂ ಪೈಪು ಆ ಎಣ್ಣಿಯೊಳಗ ಮ್ಯಾಲ ಕೆಳಗ ಆಡತದ. ಎಣ್ಣಿ ಹೊರಗ ಬರಬಾರದು ಅಂತ ಬಾಯಿಗೆ ರಬ್ಬರಿನ ಬಳಿ ಇರತದ, ಅದು ಸೀಲ್. ಸೀಲ್ ಸವದರ ಎಣ್ಣಿ ಪೈಪಿನ ಗುಂಟ ಇಳದು ಧೂಳು ಹತ್ತಿ ಕರ್ರಗ ಮೇಣ ಆಗತದ. ಗಾಡಿ ತಗ್ಗಿಗೆ ಬಿದ್ದರ ಹಲ್ಲು ಕಟಂ ಅಂತಾವ. ಇದೆಲ್ಲ ನನಗ ಗೊತ್ತಿರೂದು ಯಾಕಂದರ ಎರಡು ಬ್ಯಾಸಿಗಿ ಹಿಂದ ಮುದುಕ ಮನಿ ಅಂಗಳದಾಗ ತಾನೇ ಸೀಲ್ ಹಾಕಿದ್ದ. ಗಾಲಿ ಬಿಚ್ಚಿ, ಫೋರ್ಕ್ ತಗದು, ಸ್ಕ್ರೂ ಡ್ರೈವರ್‌ನಿಂದ ಹಳೇದು ಮೀಟಿ, ಹೊಸಾದು ಪೈಪಿನ ತುಂಡು ಇಟ್ಟು ಮೆಲ್ಲಕ ಬಡದು ಕುಂಡ್ರಿಸಿದ. ಫೋರ್ಕ್ ನೆಟ್ಟಗ ಹಿಡದು ನಿಂತಾಕಿ ನಾನು. ಎಣ್ಣಿ ಅಳತಿ ಹಾಕಿದ್ದೂ ನಾನು. "ನಿನಗ ಗ್ಯಾರೇಜ್ ಹಾಕಿಕೊಡಬೇಕು ನೋಡು" ಅಂದಿದ್ದ. "ಮದಲ ನಿನ್ನ ರಿಪೇರಿ ಮಾಡತೀನಿ" ಅಂದಿದ್ದೆ.

ಹಂಗಾಗಿ ನಾ ಮಗಗ ಅಂದೆ, "ಎರಡು ವರ್ಷಕ್ಕ ಸೀಲ್ ಹೋಗಬಾರದು. ಗ್ಯಾರೇಜಿಗೆ ಹಾಕು. ನಾ ಹೋಗಿ ಎದುರಿಗೆ ಕುಂಡರತೀನಿ." ಅವ ಗಾಡಿ ಬಿಟ್ಟು ಮಿಲ್ಲಿಗೆ ಹೋದ. ನಾ ಕುಂತೆ.

ಗ್ಯಾರೇಜಿನ ಮಿಸ್ತ್ರಿ ಸಾಬರಾಂವ, ನಮ್ಮ ಗಾಡಿ ಹೊಸಾದು ಇದ್ದಾಗಿಂದ ನೋಡಿದಾಂವ.

"ಅಮ್ಮಾ, ನೀವು ಮನಿಗೆ ನಡೀರಿ. ಆದ ಮ್ಯಾಲ ಹೇಳಿ ಕಳಸತೀನಿ."

"ನಾ ಎದ್ದು ಹೋದರ ನೀ ಹಳೇ ಸೀಲ್ ತೊಳದು ಹೊಸಾದು ಅಂತ ಹಾಕತೀದಿ."

"ಯಾ ಅಲ್ಲಾ! ಅಜ್ಜ ಜಲ್ದಿ ಹೋಗಿದ್ದು ಯಾಕ ಅಂತ ಈಗ ತಿಳೀತು ನೋಡ್ರಿ."

ಅಂದವನೇ ನಾಲಿಗಿ ಕಚ್ಚಿಕೊಂಡ. ಸತ್ತು ಇನ್ನಾ ಮೂರು ತಿಂಗಳು ಆಗಿದ್ದಿಲ್ಲ. ನಾ ನಕ್ಕೆ. ಅವನೂ ನಕ್ಕ.

ಆಮ್ಯಾಲ ಅವ ನಗಲಿಲ್ಲ. ಸೀಲ್ ತಗದು ಬೆರಳಿನಾಗ ತಿರುವಿ ನೋಡಿದ. "ಅಮ್ಮಾ, ಇದು ಎರಡು ವರ್ಷದ್ದು ಅಲ್ಲ. ಹೊಸಾದು. ಇದರ ತುಟಿ ನೋಡ್ರಿ, ಒಂದು ಕಡಿ ಮಾತ್ರ ಹರದದ." ಪೈಪ್ ಒರಸಿ, ಮೇಜಿನ ಗಾಜಿನ ಮ್ಯಾಲ ಇಟ್ಟು ಉರುಳಿಸಿದ. ನೆಟ್ಟಗ ಇರೂ ಪೈಪ್ ಸಪ್ಪಳಿಲ್ಲದ ಉರುಳಬೇಕು. ಇದು ಟಕ್, ಟಕ್ ಅಂತ ಕುಣೀತು.

"ಪೈಪ್ ಬಗ್ಗ್ಯದ. ಅದಕ್ಕ ಹೊಸಾ ಸೀಲ್ ತಡದಿಲ್ಲ. ಗಾಡಿ ಬಿದ್ದದ ಅಮ್ಮಾ. ಮುಂದಿನ ಗಾಲಿ ಎದಕ್ಕೋ ಹೊಡದದ."

"ಯಾವಾಗ?"

"ನನಗೇನು ಗೊತ್ತ್ರೀ? ನನ್ನ ಹತ್ರ ತರಲೇ ಇಲ್ಲ. ಇಷ್ಟು ವರ್ಷ ನನ್ನ ಬಿಟ್ಟು ಮತ್ತೊಬ್ಬನ ಕೈಗೆ ಗಾಡಿ ಕೊಟ್ಟಾಂವ ಅಲ್ಲ ಅಜ್ಜ. ಇದೊಂದಕ್ಕ ಯಾಕ ಹೋದನೋ?"

ಅವಗ ಗೊತ್ತಿರಲಿಲ್ಲ, ನನಗ ಗೊತ್ತಾತು. ಇವನ ಹೆಂಡತಿ, ನಾನು ಒಂದೇ ನಳಕ್ಕ ನೀರಿಗೆ ಹೋಗತೀವಿ. ಇಲ್ಲಿ ಬಿಚ್ಚಿದ್ದು ಸಂಜಿಗೆ ನನ್ನ ಕಿವಿಗೆ ಮುಟ್ಟತದ. ಅದಕ್ಕ ದೂರ ಹೋಗ್ಯಾನ.

"ಹೊಸಾ ಪೈಪ್ ಹಾಕು. ನನ್ನ ಮಗಗ ಪೈಪ್ ಸವದದ ಅಂತ ಹೇಳು. ಉಳಿದಿದ್ದು ನಾ ಹೇಳತೀನಿ" ಅಂದೆ. ರಾಯಚೂರಿನಿಂದ ಪೈಪ್ ತರಿಸಾಕ ಎರಡು ದಿನ ಬೇಕು ಅಂದ.

ಆ ಎರಡು ದಿನದಾಗ ಒಂದಿನ ಬಸ್ ಹಿಡದು ದೇವದುರ್ಗಕ್ಕ ಹೋದೆ. ಸೊಸಿಗೆ ಪರಿಚಯದವರ ಮನಿಗೆ ಹೋಗತೀನಿ ಅಂದೆ. ಸಂತಿ ಸುತ್ತಮುತ್ತ ಇರೂ ಗ್ಯಾರೇಜ್ ಒಂದೊಂದೇ ಕೇಳಿದೆ. ಮೂರನೇದಾಂವ ವಯಸ್ಸಾದ ಮನಷ್ಯಾ. ಕಾಲಾಗ ಟಯರ್ ಇಟಗೊಂಡು ಪಂಚರ್ ತಿಕ್ಕಾಕತ್ತಿದ್ದ.

"ಕುರಿ ಅಜ್ಜ ಅಲ್ಲೇನು? ಕೆಂಪು ರುಮಾಲು? ಬಂದಿದ್ದನಲ್ಲ. ನೆಲ್ಲು ಕೊಯ್ಯೂ ದಿನಾ. ಹೆಂಗದಾನ?"

"ಸತ್ತ."

ಅವ ಕೈ ನಿಲ್ಲಿಸಿದ. ಸ್ಟೂಲ್ ಒರಸಿ ನನ್ನ ಕಡಿ ಸರಿಸಿದ. "ನೀವು ಅವನ ಮನಿಯಾಕೇನ್ರಿ ಯಕ್ಕಾ?"

"ಹೌದು. ಏನಾತು ಹೇಳು."

ಅವ ಹೇಳಿದ. ಮುದುಕ ಗೂಗಲ್ ಹಳ್ಳಿ ಕಡಿ ಮರಿ ನೋಡಾಕ ಹೋಗಿದ್ದ. ರಸ್ತೆ ಮ್ಯಾಲ ನೆಲ್ಲು ಒಣಗಾಕ ಹಾಕಿದ್ದರಂತ. ಗಾಡಿ ಹತ್ತಬಾರದು ಅಂತ ಸುತ್ತ ಕಲ್ಲು ಇಡತಾರಲ್ಲ, ಎದುರಿಗೆ ಟ್ರ್ಯಾಕ್ಟರ್ ಬಂತು ಅಂತ ಬದಿಗೆ ಸರಿಸಿದಾಗ ಮುಂದಿನ ಗಾಲಿ ಆ ಕಲ್ಲಿಗೆ ಹೊಡದದ. ಬಿದ್ದ. ಅಲ್ಲಿದ್ದವರು ಎಬ್ಬಿಸಿ, ಗಾಡಿ ಟಂಟಂ ಆಟೋದಾಗ ಹೇರಿ ಇಲ್ಲಿಗೆ ಕಳಿಸಿದರು.

"ಪೈಪ್ ಬಗ್ಗ್ಯದ ಅಜ್ಜಾ, ನಾಳಿಗೆ ಹೊಸಾದು ತರಸತೀನಿ, ಗಾಡಿ ಬಿಟ್ಟು ಹೋಗು ಅಂದೆ. ಕೇಳಲಿಲ್ರಿ. ಸಂಜಿಗೆ ಗಾಡಿ ತಗೊಂಡೇ ಮನಿಗೆ ಮುಟ್ಟಬೇಕು, ನಮ್ಮಾಕಿ ಬಾಳ ಕೆಟ್ಟಾಕಿ ಅಂದ. ನಕ್ಕೋತ ಅಂದ ಮತ್ತ."

"ಆ ಕೆಟ್ಟಾಕಿ ನಾನೇ. ಮುಂದ ಹೇಳು."

"ಪೈಪ್ ಆದಷ್ಟು ನೆಟ್ಟಗ ಮಾಡಿ ಹೊಸಾ ಸೀಲ್ ಹಾಕಿ ಕೊಟ್ಟೆ. ಬಾಳ ದಿನ ಬರಂಗಿಲ್ಲ ಅಂದೆ. ಬರೂ ತನಕ ಬರಲಿ ಅಂದ. ಗಾಡಿಗೆ ಗೀರು ಬಿದ್ದ ಕಡಿ ಕಪ್ಪು ಬಣ್ಣ ಹಚ್ಚಿಸಿಕೊಂಡ. ಅಲ್ಲಿ ನಳದಾಗ ಅಂಗಿ ತೋಳು ತೊಳಕೊಂಡ. ಹಿಂದ ಹೋಗಿ ಒಮ್ಮೆ ವಾಂತಿ ಮಾಡಿದ. ದವಾಖಾನಿಗೆ ನಡಿ, ನನ್ನ ಗಾಡಿ ಮ್ಯಾಲ ಬಿಡತೀನಿ ಅಂದೆ ಯಕ್ಕಾ. ದೇವರಾಣಿ, ಅಂದೆ. ಸೋಡಾ ಕುಡದು ಕುಂತ. ತಲಿಗೆ ರುಮಾಲು ಇತ್ತು, ಏನೂ ಆಗಿಲ್ಲ ಅಂದ."

ನಾ ಎದ್ದೆ. ಅವ ಚಾ ತರಸತೀನಿ ಅಂದ, ಒಲ್ಲೆ ಅಂದೆ.

ಬಸ್ಸಿನಾಗ ಆ ಸಂಜಿ ನೆನಪಾತು. ಹೊತ್ತು ಮುಳುಗಿದ ಮ್ಯಾಲ ಬಂದಿದ್ದ. ಅಂಗಿ ತೋಳು ಹಸಿ ಇತ್ತು. "ಏನಿದು ಸಣ್ಣ ಹುಡುಗರಂಗ ನೀರಾಗ ಆಡಿ ಬಂದೀದಿ" ಅಂತ ಬೈದಿದ್ದೆ. ಮರಿಗೆ ನೀರು ಕುಡಿಸಾಕ ಹೋಗಿ ತೋಯಿತು ಅಂದಿದ್ದ. ರಾತ್ರಿ ಒಂದೇ ರೊಟ್ಟಿ ತಿಂದ. ನಾ ಮತ್ತೊಂದು ಗಂಗಾಳಕ್ಕ ಒಗದೆ, ಅದನ್ನೂ ತಿಂದ. ಹೆಂಗ ತಿಂದನೋ.

ಇದರಾಗ ಅವಂದೂ ತಪ್ಪು ಅದ, ಇಲ್ಲ ಅನಂಗಿಲ್ಲ. ಹೇಳಬೇಕಿತ್ತು. ಆದರ ಹೇಳಿದ್ದರ ನಾ ಏನು ಮಾಡತಿದ್ದೆ ಅನ್ನೂದು ನನಗ ಗೊತ್ತದ. ಗಾಡಿ ಕಿಲಿ ಕಸಗೊಂಡು ಪೆಟ್ಟಿಗಿಯೊಳಗ ಹಾಕತಿದ್ದೆ. ಗಾಡಿ ಇಲ್ಲದ ದಲಾಲಿ ಮನಿ ಕಟ್ಟಿ ಮ್ಯಾಲ ಕುಂತು ನೊಣ ಹೊಡೀಬೇಕು. ಅದು ಅವಗೂ ಗೊತ್ತಿತ್ತು. ಆಣಿ ಮುರದರ ನಾ ಸಾಯತೀನಿ ಅಂತ ಅವ ನಂಬಿದ್ದನೋ ಇಲ್ಲೋ, ಅದನ್ನ ಕೇಳಾಕ ಅವ ಇಲ್ಲ. ನಾ ಮಾತ್ರ ಅವ ಬೀಳಬಾರದು ಅಂತ ಆಣಿ ಹಾಕಿದಾಕಿ. ಕಲ್ಲಿಗೆ ಅದು ಗೊತ್ತಿರಲಿಲ್ಲ. ಡಾಕ್ಟರು ಕೇಳಿದಾಗ ಮಾತ್ರ ಆ ಆಣಿ ಅವನ ಬಾಯಿ ಕಟ್ಟಿಹಾಕಿತ್ತು.

ಮಗಗ ಹೇಳಬೇಕೋ ಬ್ಯಾಡೋ ಅಂತ ಎರಡು ದಿನ ಗುದ್ದಾಡಿದೆ. ಹೇಳಲಿಲ್ಲಂದರ ಯಾರಿಗೂ ನಷ್ಟ ಇಲ್ಲ. ಬಿಪಿ ಅಂತಲೇ ಇರತದ. ಹೇಳಿದರ ಇರೂ ಒಬ್ಬ ಮಗ ನನ್ನ ಮುಖ ನೋಡತಾನೋ ಇಲ್ಲೋ. ಹೊಸಾ ಪೈಪ್ ಹಾಕಿಸಿಕೊಂಡು ಗಾಡಿ ತಂದು ನಿಲ್ಲಿಸಿ, ಅವ ಹ್ಯಾಂಡಲ್ ಹಿಡದು ಕೆಳಗ ಒತ್ತಿ ಒತ್ತಿ ನೋಡಾಕತ್ತಿದ್ದ. "ಈಗ ಮೆತ್ತಗ ಆತು ನೋಡವ್ವ. ಅಪ್ಪ ಇದನ್ನ ಹಿಂಗೇ ಓಡಿಸಿದ್ದನಲ್ಲ, ಅವಗ ತಿಳೀಲಿಲ್ಲೇನು?" ಅಂದ.

"ತಿಳಿದಿತ್ತು" ಅಂದೆ. ಅಲ್ಲೇ ನಿಂತು, ಡಾಕ್ಟರ ಮುಂದ ನಾ ಅಂದ ಮಾತೊಂದು ಬಿಟ್ಟು ಎಲ್ಲ ಹೇಳಿದೆ. ಗುಡಿ, ಆಣಿ, ಕಲ್ಲು, ಸೋಡಾ. ಅಳಲಿಲ್ಲ, ಸುತ್ತಿ ಬಳಸಿ ಹೇಳಲಿಲ್ಲ.

ಅವ ಹ್ಯಾಂಡಲ್ ಬಿಟ್ಟ. "ನಾ ಸಣ್ಣಾವ ಇದ್ದಾಗ ನನಗೂ ಹಿಂಗೇ ಮಾಡತಿದ್ದಿ ಅಲ್ಲ? ನೆತ್ತಿ ಮುಟ್ಟಿಸೂದು" ಅಂದ. ಗಾಡಿ ಚಾಲೂ ಮಾಡಿ ಹೋಗಿಬಿಟ್ಟ.

ಅವತ್ತಿಂದ ಹದಿನೆಂಟು ದಿನ ನನ್ನ ಕೂಡ ಮಾತಾಡಲಿಲ್ಲ. ನಾ ಮಾಡಿದ್ದು ತಿಂತಿದ್ದ. ಉಪ್ಪು ಬೇಕಂದರ ಹೆಂಡತಿಗೆ ಕೇಳತಿದ್ದ. ಸೊಸಿ ನಡುವ ನಿಂತು, "ಅತ್ತೀ, ನೀವ ಮದಲ ಮಾತಾಡಿಸಿಬಿಡ್ರಿ, ಗಂಡಸರ ಸಿಟ್ಟು" ಅಂದಳು. "ಸಿಟ್ಟು ಇರಲಿ. ಅವನ ಅಪ್ಪ ಸತ್ತಾನ" ಅಂದೆ.

ಹತ್ತೊಂಬತ್ತನೇ ದಿನ ಊಟಕ್ಕ ಕುಂತಾಗ, ಗಂಗಾಳದ ಮ್ಯಾಗಿಂದ ತಲಿ ಎತ್ತದ ಕೇಳಿದ.

"ಯವ್ವಾ, ಮಾನ್ವಿ ಡಾಕ್ಟರು ಬಿದ್ದಿದ್ದೇನು ಅಂತ ಕೇಳಿದಾಗ, ಇಲ್ಲ ಅಂದಾಂವ ಅಪ್ಪನೋ, ನೀನೋ?"

ಸೊಸಿ ನನ್ನ ಕಡಿ ನೋಡಿ ಕಣ್ಣಿನಾಗೇ ಬ್ಯಾಡ ಅಂದಳು. ಅಪ್ಪ ಅಂದಿದ್ದರ ಮುಗೀತಿತ್ತು. ಡಾಕ್ಟರ ಬಿಟ್ಟರ ಅಲ್ಲಿ ಮತ್ತ ಯಾರೂ ಇದ್ದಿಲ್ಲ. ಇದ್ದಾಂವ ಸತ್ತಾನ.

"ನಾನು" ಅಂದೆ. "ಅವಗ ಬಾಯಿ ನಾ ತೆರಿಯಾಕ ಬಿಡಲಿಲ್ಲ."

ಅವ ರೊಟ್ಟಿ ಮುರದು ಪಲ್ಯ ಹಚ್ಚಿ ಬಾಯಾಗ ಇಟಗೊಂಡ. ಆಮ್ಯಾಲ ಗಂಗಾಳ ನನ್ನ ಕಡಿ ಸ್ವಲ್ಪ ಸರಿಸಿದ. ನಾ ಇನ್ನೊಂದು ರೊಟ್ಟಿ ಹಾಕಲಿಲ್ಲ. "ಬೇಕೇನು?" ಅಂತ ಕೇಳಿದೆ, ಅವ ಹೇಳೂ ತನಕ ಕಾದೆ.