ಹಾಡಿನ ಕೆಳಗಿನ ಮಾತು

ಕುಪ್ಪಸ ಹೊಲಿದು ಉಳಿದ ಖಣದ ತುಂಡೊಂದನ್ನು ನಮ್ಮ ಯಜಮಾನರ ಹೆಡ್‌ಫೋನಿಗೆ ಹೊಲಿಯುತ್ತ ಕುಳಿತಿದ್ದೆ. ಅದರ ಸ್ಪಂಜು ಪುಡಿಯಾಗಿ ಇವರ ಕಿವಿಗೆಲ್ಲ ಕರಿ ಚೂರು ಅಂಟುತ್ತಿತ್ತು. ಇವರು ಅವಲಕ್ಕಿ ತಿನ್ನುತ್ತ, ಒಂದು ಹಾಡು ಬಳಸಲು ಬೆಲೆ ಕೇಳಿದ್ದಕ್ಕೆ ಮುಂಬಯಿಯ ಹಾಡಿನ ಕಂಪನಿಯಿಂದ ಬಂದ ಉತ್ತರವನ್ನು ಮೊಬೈಲಿನಲ್ಲಿ ಇನ್ನೊಮ್ಮೆ ಓದಿ ನಕ್ಕರು.

“ನಮ್ಮ ಹೊಲಾ ಎಲ್ಲಾ ಮಾರಿದ್ರೂ ಪಲ್ಲವಿಗೇ ಸಾಲಂಗಿಲ್ಲ ನೋಡು.”

“ಹಂಗಾರ ನಾನ ಹಾಡ್ತೀನಿ, ಪುಕ್ಕಟ.”

“ನೀ ಹಾಡಿದ್ರ ಸಂಶಿ ಊರಾಗ ನಮ್ಮನ್ನ ಯಾರೂ ಮದುವಿಗೆ ಕರ್ಯಂಗಿಲ್ಲ.”

ಅದೇ ನಮ್ಮ ಮನೆಯ ಕೊನೆಯ ಸಾದಾ ದಿನ. ಮರುದಿನ ಬೆಳಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ.

ಇವರದು ಮದುವೆ ವಿಡಿಯೊ ಮಾಡುವ ಕೆಲಸ. ನಮ್ಮ ಕಡೆ ಅದೆಂದರೆ ಮಂದಿಯ ಗದ್ದಲ, ಬೀಗರ ತಕರಾರು ಎಲ್ಲವನ್ನೂ ಅಳಿಸಿ ಮೇಲೊಂದು ಹಾಡು ಕೂರಿಸುವುದು. ಇವರ ಮನಸ್ಸಿನಲ್ಲಿ ಕೂತಿದ್ದ ಹಾಡು ಮಾತ್ರ ಬೇರೆ. ಸಣ್ಣವರಿದ್ದಾಗ ಅಳ್ನಾವರದ ಸೋದರಮಾವನ ಮನೆಯಲ್ಲಿ, ಗೋವೆಗೆ ಹೋಗುವ ರೈಲಿನಲ್ಲಿ ಯಾರೋ ಬಿಟ್ಟುಹೋದ ಕ್ಯಾಸೆಟ್ಟಿನಿಂದ ಕೇಳಿದ ಹಳೆಯ ಇಂಗ್ಲಿಷ್ ರಾಕ್ ಹಾಡು. ಅರ್ಥ ಪೂರ್ತಿ ತಿಳಿಯದಿದ್ದರೂ ಗಿಟಾರು ಏರಿದಾಗ ಕಣ್ಣು ಮುಚ್ಚುತ್ತಿದ್ದರು.

ಆ ಹಾಡಿಗಾಗಿಯೇ ಒಂದು ಸಣ್ಣ ಸಿನಿಮಾ ಮಾಡಿದರು. ಬಹಳ ವರ್ಷದ ಮೇಲೆ ಊರಿಗೆ ಬರುವ ಲಾರಿ ಡ್ರೈವರನ ಕಥೆ. ಕೊನೆಗೆ ಅವನು ಮೆಣಸಿನಕಾಯಿ ಹೊಲ ದಾಟಿ ಹೆಂಡತಿಯ ಕಡೆ ನಡೆದು ಬರಬೇಕು. ಅಂದು ನಟ ಬರಲಿಲ್ಲ. ದನಿ ತುಂಬಿಕೊಳ್ಳುವ ಸಣ್ಣ ಮೈಕನ್ನು ಅಂಗಿಗೆ ಸಿಕ್ಕಿಸಿಕೊಂಡು ಇವರೇ ನಡೆದರು, ಕ್ಯಾಮೆರಾ ನಾನು ಹಿಡಿದೆ. ಹತ್ತಿರ ಬಂದು, ನನ್ನ ಕಡೆ ನೇರ ನೋಡಿ ಏನೋ ಅಂದರು. ಗಾಳಿ ಜೋರಿತ್ತು, ಕೈ ಅಲುಗೀತೆಂಬ ಚಿಂತೆ ಬೇರೆ.

“ಏನಂದ್ರಿ?”

“ಮೈಕಿನ್ಯಾಗ ಐತಿ. ಮನಿಗೆ ಹೋಗಿ ಕೇಳೀಯಂತ.”

ಕೇಳಲು ಕುಳಿತಾಗ ಆ ಜಾಗದಲ್ಲಿ ಹಾಡು ಕೂತಿತ್ತು. “ಹಾಡಿನ್ಯಾಗ ಎಲ್ಲಾ ಬಂತಲ್ಲ,” ಅಂದರು. ಸುಳ್ಳಲ್ಲ. ಹಳೆಯ ಹಾಡು ಸಿನಿಮಾಕ್ಕೆ ಬರಿಗೈಯಲ್ಲಿ ಬರುವುದಿಲ್ಲ, ಗೆಳೆಯರೇ. ಕೇಳಿದವರ ಹರೆಯವನ್ನೆಲ್ಲ ಹೊತ್ತು ತರುತ್ತದೆ. ಅದಕ್ಕೇ ಅಷ್ಟು ಬೆಲೆಯೇನೋ. ಆ ಬೆಲೆಗೆ ಮೊದಲು ಸಿಟ್ಟು ಬಂದಿತ್ತು. ಈಗ, ಅದನ್ನು ಹಾಡಿದವನೂ ತೀರಿಕೊಂಡಿರಬಹುದು, ಅವನ ಮನೆಯಲ್ಲೂ ಒಬ್ಬಳು ಆ ದನಿಯನ್ನು ಪುಕ್ಕಟೆ ಬಿಟ್ಟುಕೊಡಲು ಮನಸ್ಸಾಗದೆ ಕುಳಿತಿರಬಹುದು ಅನ್ನಿಸುತ್ತದೆ.

ಇವರು ಹೋದ ಮೇಲೆ, ಮೊದಲೇ ಇವರು ವಿಚಾರಿಸಿಟ್ಟಿದ್ದ ಹುಬ್ಬಳ್ಳಿಯ ಕಿರುಚಿತ್ರ ಸ್ಪರ್ಧೆಯವರು, ಒಪ್ಪಿಗೆಯಿಲ್ಲದ ಹಾಡನ್ನು ತೆಗೆದುಕೊಟ್ಟರೆ ತೋರಿಸುತ್ತೇವೆ ಎಂದರು. ಒಳಗೊಳಗೇ ಹಿಗ್ಗಿದೆ. ಮಣ್ಣು ಸರಿಸಿದರೆ ಶೇಂಗಾ ಸಿಕ್ಕಂತೆ, ಹಾಡು ಸರಿಸಿದರೆ ಮಾತು ಸಿಗುತ್ತದೆಂದು ತಿಳಿದಿದ್ದೆ. ಇವರ ಪಾಲುದಾರ ಬಸಣ್ಣ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿ, ಮುಖ ತಿರುಗಿಸದೆ ಹೇಳಿದ:

“ಮದುವಿ ವಿಡಿಯೊದ ರೂಢಿ ನೋಡ್ರಿ ವೈನಿ. ಹಾಡ ಕುಂದ್ರಿಸಿ ಮಾತು ಅಳಸ್ಯಾನ. ಕೆಳಗ ಏನೂ ಇಲ್ರಿ.”

“ಮೈಕಿನ್ಯಾಗ?”

“ಅದನ್ನೂ ಅಳಸಿ ಇನ್ನೊಂದು ಮದುವಿ ತುಂಬ್ಯಾನ್ರಿ.”

ಸ್ಪರ್ಧೆಗೆ ಕಳಿಸಲಿಲ್ಲ. ಆಗಾಗ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ನೋಡುತ್ತೇನೆ. ಇವರು ಒಂದೇ ಸಂಜೆ ಹಾಕಿಕೊಂಡ ಆ ಖಣ ಈಗ ನನ್ನ ಕಿವಿಯ ಬೆವರಿಗೆ ಬಣ್ಣಗೆಡುತ್ತಿದೆ. ಹಾಡಿನ ಬೆಲೆ ಕೇಳಲು ಮುಂಬಯಿಯಲ್ಲಿ ಒಂದು ಕಂಪನಿಯಾದರೂ ಇತ್ತು. ಅಳಿಸಿಹೋದ ಈ ಮಾತಿಗೆ ಯಾರನ್ನು ಕೇಳಲಿ? ಗಿಟಾರು ಏರುತ್ತದೆ, ಇವರು ಹೊಲ ದಾಟಿ ಹತ್ತಿರ ಬರುತ್ತಾರೆ, ತುಟಿ ಅಲುಗುತ್ತದೆ. ನನಗೆ ಏನಂದರೋ, ಅದು ಇಲ್ಲ.