ಬದಿಗೆ ತಳ್ಳಿದ ಮೊಟ್ಟೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ಯಾವತ್ತೂ ನಂಬಿದವಳಲ್ಲ. ಪಿತೃಪಕ್ಷದಲ್ಲಿ ನಮ್ಮ ಮನೆಯಲ್ಲೂ ಎಡೆ ಇಡುತ್ತಾರೆ. ತೀರಿಹೋದವರಿಗೆ ಇಷ್ಟವಾಗಿದ್ದ ಅಡುಗೆಯನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ, ಅವರು ಉಂಡು ಹೋಗಲಿ ಎಂದು ಮನೆಯವರೆಲ್ಲ ಹೊರಗೆ ಬಂದು ಕೂರುತ್ತಾರೆ. ಆಮೇಲೆ ಒಮ್ಮೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಹಾಗೆ ಜಗಲಿಯಲ್ಲಿ ಕೂತಾಗ 'ಮಟನ್ ಸಾರು ಆರಿಹೋಗ್ತಾ ಇದೆ, ತಾತನಿಗೆ ಬೇಗ ಮುಗಿಸೋಕೆ ಹೇಳಿ' ಎಂದು ಗೇಲಿ ಮಾಡಿ ಬೈಸಿಕೊಳ್ಳುತ್ತಿದ್ದವಳು ನಾನೇ. ಮಳವಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಬಿಸಿಯಾದದ್ದು ಆರುತ್ತದೆ, ಆರಿದ್ದು ಹಳಸುತ್ತದೆ, ಅದರಲ್ಲಿ ತಾತನ ಪಾತ್ರವೇನೂ ಇಲ್ಲ ಎಂಬುದು ನನ್ನ ವಾದ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮಂಡ್ಯದಲ್ಲಿ ನಮ್ಮ ಮನೆಯ ಹಿಂದಿನ ಓಣಿಗೆ ಬೆನ್ನು ಮಾಡಿಕೊಂಡು ಒಂದು ರಾಮೆನ್ ಅಂಗಡಿ ಇದೆ. ರಾಮೆನ್ ಎಂದರೆ ಜಪಾನಿನವರ ಊಟ. ದೊಡ್ಡ ಬಟ್ಟಲಿನಲ್ಲಿ ಗೋಧಿಯ ಉದ್ದನೆಯ ಎಳೆಗಳು, ಅವು ಮುಳುಗುವಷ್ಟು ಕೋಳಿ ಸಾರು, ಮೇಲೆ ಒಂದಿಷ್ಟು ಕೋಳಿ ತುಂಡು, ಈರುಳ್ಳಿ ಸೊಪ್ಪು, ಸೋಯಾ ರಸದಲ್ಲಿ ನೆನೆದು ಕಂದು ಬಣ್ಣಕ್ಕೆ ತಿರುಗಿದ ಮೊಟ್ಟೆಯ ಎರಡು ಹೋಳು. ಮುದ್ದೆ ಬಾಡು ಉಣ್ಣುವ ಊರಿನಲ್ಲಿ ಇದನ್ನು ಯಾರು ತಿನ್ನುತ್ತಾರೆ ಎಂದು ಬೀದಿಯವರೆಲ್ಲ ಆಡಿಕೊಂಡಿದ್ದರು. ಅಂಗಡಿ ಇಟ್ಟವನು ಚಂದ್ರು, ಮದ್ದೂರು ತಾಲ್ಲೂಕಿನ ಆತಗೂರಿನವನು. ಬಿಡದಿ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜಪಾನಿನ ಅಡುಗೆಯವರೊಬ್ಬರ ಕೈಕೆಳಗಿದ್ದು ಕಲಿತು ಬಂದಿದ್ದ. ಜೊತೆಗೆ ಅವನ ಹೆಂಡತಿ ಸವಿತಾ ಮತ್ತು ತಾಯಿ ಕೆಂಪಮ್ಮ. ಕೆಂಪಮ್ಮನಿಗೆ ಜಪಾನು ಗಿಪಾನು ಎಲ್ಲ ಒಂದೇ. ಅವರ ಬಾಯಲ್ಲಿ ಅದು ಇವತ್ತಿಗೂ 'ಸಾವ್ಗೆ'ಯೇ.

ನಾನು ಆ ಅಂಗಡಿಯ ಹಿಂಬಾಗಿಲ ಗಿರಾಕಿ. ಸಂಜೆ ಮಳವಳ್ಳಿಯಿಂದ ಬಸ್ಸಿಳಿದು ಮನೆಗೆ ಬಂದು, ಕೈಕಾಲು ತೊಳೆದು, ಹಿತ್ತಲಿನ ಗೇಟು ತೆಗೆದು ಓಣಿ ದಾಟಿದರೆ ಅವರ ಹಿಂಬಾಗಿಲು. ನಮ್ಮ ಗೇಟು ಕಿರುಗುಟ್ಟುತ್ತದೆ. ಆ ಸದ್ದು ಕೇಳಿದ ಕೂಡಲೇ ಚಂದ್ರು ಎಳೆಗಳನ್ನು ಕುದಿಯುವ ನೀರಿಗೆ ಬಿಡುತ್ತಿದ್ದ. ಬೇಯಿಸಿ ಇಟ್ಟರೆ ಅವು ಉಬ್ಬಿ ಮುದ್ದೆಯಾಗುತ್ತವಂತೆ. ನಾನು ಒಳಗೆ ಕಾಲಿಡುವುದರೊಳಗೆ ಮೂಲೆಯ ಮೇಜಿನ ಮೇಲೆ ಬಟ್ಟಲು ಹೊಗೆಯಾಡುತ್ತಿತ್ತು. ಏನು ಬೇಕು ಎಂದು ಅವನು ಕೇಳಿದ್ದಿಲ್ಲ, ನಾನು ಹೇಳಿದ್ದೂ ಇಲ್ಲ.

ಮೊಟ್ಟೆ ಮಾತ್ರ ನನಗೆ ಆಗುವುದಿಲ್ಲ. ಚಿಕ್ಕಂದಿನಿಂದಲೂ ಬಾಯಿಗಿಟ್ಟರೆ ಓಕರಿಕೆ. ಬೇಡವೆಂದರೆ ಚಂದ್ರು ಕೇಳುತ್ತಿರಲಿಲ್ಲ.

"ಮೊಟ್ಟೆ ಇಲ್ದೆ ಬಟ್ಲು ಕೊಟ್ರೆ ನಮ್ ಜಪಾನ್ ಮೇಸ್ಟ್ರು ಕೈ ಮ್ಯಾಲೆ ಒಡೀತಿದ್ರು ಮೇಡಂ. ನೀವು ಬದಿಗೆ ತಳ್ಳಿ, ಮಿಕ್ಕಿದ್ದು ನಂಗಿರ್ಲಿ."

ನಾನು ಎರಡು ಹೋಳನ್ನೂ ಬಟ್ಟಲಿನ ಅಂಚಿಗೆ ತಳ್ಳುತ್ತಿದ್ದೆ. ಅವನು ಕೈಯೊರೆಸಿಕೊಳ್ಳುತ್ತ ಬಂದು, ನಿಂತಲ್ಲೇ ಎರಡು ಕಡ್ಡಿಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡು ಒಲೆಯ ಕಡೆ ಹೋಗುತ್ತಿದ್ದ. ಬೇರೆ ಯಾವ ಹೋಟೆಲಿನಲ್ಲಾದರೂ ಬಡಿಸುವವನು ನನ್ನ ತಟ್ಟೆಗೆ ಕೈ ಹಾಕಿದ್ದರೆ ಜಗಳವಾಡುತ್ತಿದ್ದೆ. ಅಲ್ಲಿ ಅದು ಊಟದ ಒಂದು ಭಾಗವೇ ಆಗಿಹೋಗಿತ್ತು.

ಒಂದು ಬೇಸಿಗೆಯಲ್ಲಿ ಚಂದ್ರು ಜ್ವರ ಬಂದು ಮಲಗಿದವನು ಏಳಲಿಲ್ಲ. ಸವಿತಾ ಕೆಲವು ವಾರ ಬಿಟ್ಟು ಅಂಗಡಿ ತೆರೆದಳು. ಆದರೆ ಅವಳ ಕೈಗೆ ಹದ ಸಿಗಲಿಲ್ಲ. ಒಂದು ದಿನ ಉಪ್ಪು, ಒಂದು ದಿನ ಸಪ್ಪೆ. ಗಿರಾಕಿಗಳು ಕರಗಿದರು. ಮದ್ದೂರಿನ ತವರಿಗೆ ಹೋಗಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರುತ್ತೇನೆ ಎಂದು ಅವಳು, ಮಗ ಕಟ್ಟಿದ ಅಂಗಡಿ ಮುಚ್ಚಿದರೆ ಅವನನ್ನು ಎರಡನೇ ಸಲ ಮಣ್ಣು ಮಾಡಿದಂತೆ ಎಂದು ಕೆಂಪಮ್ಮ. ಇಬ್ಬರ ಮಾತೂ ಸರಿಯೇ ಎನಿಸುತ್ತಿತ್ತು. ನಾನು ಸುಮ್ಮನೆ ಉಂಡು ಎದ್ದು ಬರುತ್ತಿದ್ದೆ.

ಆ ವರ್ಷದ ಪಿತೃಪಕ್ಷದಲ್ಲಿ ಒಂದು ಬುಧವಾರ. ಪಕ್ಷವನ್ನು ಎಲ್ಲರೂ ಅಮಾವಾಸ್ಯೆಯಂದೇ ಮಾಡುವುದಿಲ್ಲ, ತಮಗೆ ಅನುಕೂಲವಾದ ದಿನ ಮಾಡಿಕೊಳ್ಳುತ್ತಾರೆ. ನಮ್ಮದು ಆಗಲೇ ಮುಗಿದಿತ್ತು. ಅವರದು ಆತಗೂರಿನ ಮನೆಯಲ್ಲಿ ನಡೆಯುತ್ತದೆ ಎಂದು ತಿಳಿದಿದ್ದೆನೇ ಹೊರತು, ಯಾವತ್ತು ಎಂದು ಕೇಳಿರಲಿಲ್ಲ. ಮಧ್ಯಾಹ್ನ ಕಾಲೇಜಿನಲ್ಲಿ ಊಟ ಮಾಡಲಾಗಿರಲಿಲ್ಲ. ಸಂಜೆ ಹಸಿದು ಬಂದು, ಗೇಟು ತೆಗೆದು, ಓಣಿ ದಾಟಿ ಒಳಗೆ ಹೋದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮುಂದಿನ ಷಟರ್ ಎಳೆದಿತ್ತು. ಗೋಡೆಯ ಮೇಲೆ ಚಂದ್ರುವಿನ ಫೋಟೊಕ್ಕೆ ಹೂವು, ಊದುಬತ್ತಿ ಇದ್ದವು. ಅವು ದಿನಾ ಇರುತ್ತಿದ್ದವು. ಮೂಲೆಯ ಮೇಜಿನ ಮೇಲೆ ನನ್ನ ಬಟ್ಟಲು ಹೊಗೆಯಾಡುತ್ತಿತ್ತು, ಪಕ್ಕದಲ್ಲಿ ಒಂದು ಲೋಟ ನೀರು.

ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಗೇಟಿನ ಸದ್ದು ಕೇಳಿ ಸವಿತಾಳೇ ಇಟ್ಟು ಏನೋ ತರಲು ಹೊರಗೆ ಹೋಗಿದ್ದಾಳೆ ಎಂದುಕೊಂಡೆ. ಡಬ್ಬಿಯಿಂದ ಒಂದು ಫೋರ್ಕ್ ಎತ್ತಿಕೊಂಡು ಕೂತು ತಿನ್ನಲು ಶುರು ಮಾಡಿದೆ. ಸಾರು ಅಪರೂಪಕ್ಕೆ ಹದವಾಗಿತ್ತು. ಕೊನೆಗೂ ಕಲಿತಳು ಹುಡುಗಿ ಎಂದು ಖುಷಿಪಟ್ಟದ್ದೂ ನೆನಪಿದೆ. ಅಭ್ಯಾಸಬಲದಿಂದ ಮೊಟ್ಟೆಯ ಎರಡು ಹೋಳನ್ನು ಅಂಚಿಗೆ ತಳ್ಳಿದೆ. ಎಳೆ ಮುಗಿಯಿತು, ಕೋಳಿ ಮುಗಿಯಿತು, ಸಾರು ತಳ ಕಂಡಿತು. ಆಗ ಷಟರಿನ ಆಚೆಯಿಂದ ಕೆಂಪಮ್ಮನ ದನಿ ಕೇಳಿಸಿತು.

"ಇನ್ನೊಸಿ ತಡಿಯವ್ವ, ಒಳ್ಗೆ ಉಣ್ತಾವ್ನೆ. ಅವ್ನು ಮುಟ್ಟಿದ್ರೆ ಅಂಗ್ಡಿ ಇರ್ಲಿ. ಮುಟ್ಟದೆ ಓದ್ರೆ ನೀ ಏಳ್ದಂಗೇ ಬಾಗ್ಲು ಆಕುಬುಡಾವ."

ಮಗನಿಗೆಂದು ತಾಯಿ ಇಟ್ಟ ಎಡೆಯನ್ನು, ಅದೂ ಮೊದಲ ವರ್ಷದ ಎಡೆಯನ್ನು, ನಾನು ಹೊಟ್ಟೆ ತುಂಬ ತಿಂದು ಕೂತಿದ್ದೆ. ಕೂಗಿ ಹೇಳಬೇಕಿತ್ತು. ಹೇಳುವ ಧೈರ್ಯವಾಗಲಿಲ್ಲ. ಕೈಯಲ್ಲಿದ್ದ ಫೋರ್ಕನ್ನು ಹಾಗೇ ಹಿಡಿದುಕೊಂಡು ಹಿಂಬಾಗಿಲಿನಿಂದ ಹೊರಬಿದ್ದೆ. ಬಾಗಿಲು ಎಳೆದುಕೊಂಡೇ ಬಂದೆ ಎಂದು ನನ್ನ ನೆನಪು. ಎದ್ದಾಗ ಬಟ್ಟಲಿನ ಅಂಚಿನಲ್ಲಿ ಮೊಟ್ಟೆಯ ಎರಡೂ ಹೋಳುಗಳಿದ್ದವು. ಇದರಲ್ಲಿ ಮಾತ್ರ ನನಗೆ ಸಂಶಯವೇ ಇಲ್ಲ. ಇವನ್ನೇನು ಮಾಡಲಿ ಎಂದು ಒಂದು ಕ್ಷಣ ಅವನ್ನೇ ನೋಡುತ್ತ ನಿಂತಿದ್ದೆ.

ಮುಂದಿನಿಂದ ಹೋಗಿ ತಪ್ಪೊಪ್ಪಿಕೊಳ್ಳೋಣವೆಂದು ಫೋರ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಣಿ ಸುತ್ತಿ ಅಂಗಡಿಯ ಎದುರಿಗೆ ಬಂದೆ. ಅಷ್ಟರಲ್ಲಿ ಕೆಂಪಮ್ಮ ಕೆಮ್ಮಿ, ಷಟರ್ ತಟ್ಟಿ, ಸವಿತಾಳ ಕೈಯಲ್ಲಿ ಎತ್ತಿಸಿದರು. ಮೂವರೂ ಒಟ್ಟಿಗೇ ಒಳಗೆ ನೋಡಿದೆವು. ಬಟ್ಟಲು ಬರಿದಾಗಿತ್ತು. ಮೊಟ್ಟೆ ಇರಲಿಲ್ಲ.

ಕೆಂಪಮ್ಮ ಅಳಲಿಲ್ಲ. ಬಟ್ಟಲನ್ನು ಎರಡು ಕೈಯಲ್ಲೂ ಎತ್ತಿ ಎದೆಗೆ ಹಿಡಿದುಕೊಂಡು "ಉಂಡವ್ನೆ ಕಣಮ್ಮ" ಎಂದಷ್ಟೇ ಹೇಳಿದರು. ಅತ್ತವಳು ಸವಿತಾ. ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು. ನಾನು ಫೋರ್ಕನ್ನು ಸೆರಗಿನೊಳಗೆ ಇನ್ನಷ್ಟು ಮುಚ್ಚಿಕೊಂಡೆ. ಆ ಗಳಿಗೆಯಲ್ಲಿ ಯಾರಿಗೆ ತಾನೇ ಹೇಳಲಾಗುತ್ತಿತ್ತು?

ಬೆಕ್ಕು ಬಂದಿರಬಹುದು ಎಂದು ನೀವು ಹೇಳುತ್ತೀರಿ. ನಾನೂ ನೂರು ಸಲ ಹೇಳಿಕೊಂಡಿದ್ದೇನೆ. ಆದರೆ ಮೇಜಿನ ಮೇಲೆ ಸಾರಿನ ಒಂದು ಹನಿ ಚೆಲ್ಲಿರಲಿಲ್ಲ, ತುಂಬಿದ ಲೋಟ ಇದ್ದ ಕಡೆಯೇ ಇತ್ತು. ಗಾಬರಿಯಲ್ಲಿ ನಾನೇ ನುಂಗಿದೆನೇನೋ ಎಂದೂ ಯೋಚಿಸಿದೆ. ಹಾಗಾಗಿದ್ದರೆ ನನ್ನ ಹೊಟ್ಟೆ ಸುಮ್ಮನಿರುತ್ತಿರಲಿಲ್ಲ. ಆ ರಾತ್ರಿ ವಾಂತಿಯಾಗಲಿ ಎಂದು ದೇವರನ್ನು ಬೇಡಿಕೊಂಡವಳು ಮಂಡ್ಯದಲ್ಲಿ ನಾನೊಬ್ಬಳೇ ಇದ್ದಿರಬೇಕು. ಆಗಲಿಲ್ಲ. ಚೆನ್ನಾಗಿ ಜೀರ್ಣವಾಯಿತು.

ಸವಿತಾ ಅಂಗಡಿ ಮುಚ್ಚಲಿಲ್ಲ. ಗಂಡನೇ ಬೇಡವೆನ್ನದ ಮೇಲೆ ನನ್ನದೇನು ಎಂದು ಗಟ್ಟಿಯಾಗಿ ನಿಂತಳು. ಹದ ತಾನಾಗಿ ಸಿಕ್ಕಿತು. ಈಗ ಸಂಜೆ ಹೊತ್ತು ಜಾಗ ಸಿಗುವುದಿಲ್ಲ, ಮದ್ದೂರಿನಿಂದೆಲ್ಲ ಹುಡುಗರು ಬೈಕಿನಲ್ಲಿ ಬರುತ್ತಾರೆ. ನನಗೆ ಮಾತ್ರ ಮೂಲೆಯ ಮೇಜು ಕಾದಿರುತ್ತದೆ. ಮೊದಲಿನಷ್ಟೇ ಪ್ರೀತಿಯಿಂದ ಬಡಿಸುತ್ತಾರೆ. ಅದೇ ಕಷ್ಟ. ಒಂದು ಸುಳ್ಳಿನ ಮೇಲೆ ಇವರ ಸಂಸಾರ ನಿಂತಿದೆ, ಆ ಸುಳ್ಳು ನನ್ನ ಹೊಟ್ಟೆಯಲ್ಲಿದೆ ಎನಿಸಿ ತುತ್ತು ಇಳಿಯುವುದಿಲ್ಲ. ಕೊಟ್ಟ ಮೊಟ್ಟೆಯನ್ನು ಬದಿಗೆ ತಳ್ಳುತ್ತೇನೆ. ಅದು ಅಲ್ಲೇ ಆರುತ್ತದೆ.

ಆಮೇಲಿನ ವರ್ಷಗಳಲ್ಲೂ ಕೆಂಪಮ್ಮ ಎಡೆ ಇಟ್ಟರು. ನಾನು ಆ ದಿನ ಕೇಳಿ ತಿಳಿದುಕೊಂಡು ಹಿತ್ತಲಿನ ಗೇಟಿನ ಹತ್ತಿರವೂ ಸುಳಿಯಲಿಲ್ಲ. ಬಟ್ಟಲು ಇಟ್ಟ ಹಾಗೇ ಇರುತ್ತಿತ್ತಂತೆ, ಎಳೆ ಉಬ್ಬಿ, ಸಾರಿನ ಮೇಲೆ ಕೆನೆ ಕಟ್ಟಿ. "ಯಾಕೋ ಮುನಿಸ್ಕೊಂಡವ್ನೆ ಕಣವ್ವ" ಎಂದು ಅವರು ಹೇಳಿದಾಗ ನನಗೆ ತಲೆಯೆತ್ತಿ ನೋಡಲಾಗುತ್ತಿರಲಿಲ್ಲ. ನಿಜವನ್ನು ಮುಚ್ಚಿಟ್ಟದ್ದು ಒಂದು ಪಾಪ. ಸತ್ತ ಮಗ ಮುನಿಸಿಕೊಂಡಿದ್ದಾನೆ ಎಂದು ತಾಯಿ ಕೊರಗುವುದನ್ನು ನೋಡುತ್ತ ಕೂರುವುದು ಇನ್ನೂ ದೊಡ್ಡದು.

ಮೊನ್ನೆ ಭಾನುವಾರ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೋದೆ. ಕೆಂಪಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ಕೂತೆ. ಆ ಬುಧವಾರ ಒಳಗೆ ಕೂತು ಉಂಡವಳು ನಾನು ಎಂದು ಹೇಳಿಬಿಟ್ಟೆ.

ಅವರ ಕೈ ನಿಲ್ಲಲಿಲ್ಲ.

"ಗೊತ್ತು ಬುಡವ್ವ. ನಿಮ್ ಗೇಟು ಕಿರ್ ಅಂದಿದ್ದು ನಂಗೆ ಕೇಳ್ನಿಲ್ವಾ? ಅನ್ನದ್ ಮುಂದೆ ಕೂತೋರ್ನ ಎಬ್ಬುಸ್ಬಾರ್ದು ಅಂತ ಸುಮ್ಕಿದ್ದೆ. ಎಡೆ ಕೆಡ್ತಲ್ಲ ಸಿವ್ನೆ, ಅಂಗ್ಡಿ ಓಯ್ತು ಅಂತಾನೇ ಅನ್ಕಂಡಿದ್ದೆ."

"ಮತ್ತೆ ಯಾಕಮ್ಮ ಅವ್ನೇ ಉಂಡ ಅಂದ್ರಿ?"

"ಸಾವ್ಗೆ ನೀ ಉಂಡೆ. ಮೊಟ್ಟೆ ನೀ ಮುಟ್ಟಾಕಿಲ್ವಲ್ಲ."

ಅವರು ಸಿಪ್ಪೆಯನ್ನು ಮಡಿಲಿನಿಂದ ಕೊಡವಿದರು.

"ನಂದೇ ತೆಪ್ಪು ಕಣವ್ವ. ಇಷ್ಟ್ ವರ್ಸ ಅವ್ನೊಬ್ನಿಗೇ ಇಕ್ತಾ ಬಂದೆ. ಅವ್ನು ತಿಂತಿದ್ದಿದ್ದು ನಿನ್ ಬಟ್ಲಿಂದ ಅಲ್ವಾ. ಈ ಸಲ ನೀನೂ ಬಂದು ಕೂತ್ಕೊ. ನಾವು ಆಚೆಗಿರ್ತೀವಿ."

ಬರುತ್ತೇನೆ ಎಂದು ತಲೆಯಾಡಿಸಿ ಬಂದೆ. ಇಲ್ಲವೆನ್ನುವ ಹಕ್ಕು ನನಗೆಲ್ಲಿದೆ? ಪಕ್ಷಕ್ಕೆ ಇನ್ನು ಕೆಲವೇ ದಿನಗಳಿವೆ. ಗೇಟಿಗೆ ಎಣ್ಣೆ ಬಿಡೋಣವೆಂದು ಮನೆಯವರು ಹೇಳಿದರು, ಬೇಡವೆಂದೆ. ಅಂದು ಷಟರ್ ಎಳೆದ ಅಂಗಡಿಯೊಳಗೆ ಒಬ್ಬಳೇ ಕೂತು ಮೊಟ್ಟೆಯನ್ನು ಅಂಚಿಗೆ ತಳ್ಳಬೇಕು. ಅದು ಅಲ್ಲೇ ಉಳಿದುಬಿಟ್ಟರೆ, ಕೆಮ್ಮಿ ಒಳಗೆ ಬರುವ ಆ ತಾಯಿಯ ಮುಖವನ್ನು ಹೇಗೆ ನೋಡುವುದೋ ನನಗೆ ತಿಳಿಯುತ್ತಿಲ್ಲ.